ಟೇಕ್ವಾಂಡೋ ಪ್ಯಾಟರ್ನ್‌ಗಳ ಸಿಟ್ಟು

ಟೇಕ್ವಾಂಡೋ ಕಲಿಸುವವರ ಮೇಲೆ ನನ್ನದೊಂದು ತಕರಾರಿದೆ. ಹೆಜ್ಜೆ, ಬ್ಲಾಕ್, ಪಂಚ್ ಎಲ್ಲ ಚೆನ್ನಾಗಿ ತಿದ್ದುತ್ತಾರೆ. ಇವನ್ನೇ ಗೊತ್ತಾದ ಕ್ರಮದಲ್ಲಿ ಪೋಣಿಸಿದ ಪ್ಯಾಟರ್ನ್‌ಗಳ ಅರ್ಥ ಮಾತ್ರ ಬೆಲ್ಟ್ ಪರೀಕ್ಷೆಗೆ ಬಾಯಿಪಾಠ. ಒಂದೊಂದಕ್ಕೂ ಒಂದು ಹೆಸರು, ಇಂತಿಷ್ಟು ಚಲನೆ. ‘ಜೂಂಗ್ ಗುನ್, 32 ಚಲನೆ, ಅವನು ಸತ್ತಾಗಿನ ವಯಸ್ಸು’ ಅಂತ ಮಕ್ಕಳು ಮಗ್ಗಿ ಥರ ಒಪ್ಪಿಸುತ್ತಾರೆ. ಸತ್ತಿದ್ದು ಯಾಕೆ?

ಆನ್ ಜೂಂಗ್ ಗುನ್ 1909ರಲ್ಲಿ ಹಾರ್ಬಿನ್ ರೈಲು ನಿಲ್ದಾಣದಲ್ಲಿ ಇಟೊ ಹಿರೊಬುಮಿಯನ್ನು ಗುಂಡಿಟ್ಟು ಕೊಂದವನು. ಇಟೊ ಜಪಾನಿನ ಮೊದಲ ಪ್ರಧಾನಿ, ಕೊರಿಯಾದ ಮೇಲೆ ಹಿಡಿತ ಸಾಧಿಸಿದವರಲ್ಲೊಬ್ಬ. ಮರುವರ್ಷ ಆನ್‌ನನ್ನು ಗಲ್ಲಿಗೇರಿಸಿದರು. (ನಮ್ಮ ಲೆಕ್ಕದಲ್ಲಿ ಅವನಿಗೆ ಆಗ 30. ಕೊರಿಯಾದ ಹಳೇ ಲೆಕ್ಕದಲ್ಲಿ 32.)

ಈ ಪ್ಯಾಟರ್ನ್‌ಗಳನ್ನು ಕಟ್ಟಿಸಿದ ಚೊಯ್ ಹೊಂಗ್ ಹಿ ದಕ್ಷಿಣ ಕೊರಿಯಾ ಸೇನೆಯ ಜನರಲ್. ಜಪಾನಿನಲ್ಲಿ ಓದುವಾಗ ಕಲಿತದ್ದು ಕರಾಟೆ. ಟೇಕ್ವಾಂಡೋ ಅನ್ನುವ ಹೆಸರು ಬಂದದ್ದೇ 1955ರಲ್ಲಿ. ಸಾವಿರಾರು ವರ್ಷ ಹಳೇ ವಿದ್ಯೆ ಅನ್ನೋದೆಲ್ಲ ಸುಮ್ನೆ. ಕೊರಿಯಾವನ್ನು ಆಳಿದ ಜಪಾನಿನವರಿಂದ ಕಲಿತ ಏಟುಗಳಿಗೇ ಅವರನ್ನು ಎದುರಿಸಿದವರ ಹೆಸರಿಟ್ಟರು ನೋಡಿ, ನನಗೆ ಅದು ಜಾಸ್ತಿ ಇಷ್ಟ. ಸಾಮ್ ಇಲ್ ಪ್ಯಾಟರ್ನ್‌ನ 33 ಚಲನೆ 1919ರ ಕೊರಿಯಾ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 33 ಮಂದಿಗೆ. ಎಲ್ಲ ಸಂಖ್ಯೆಯೂ ಹೀಗೆ ಗಂಭೀರವಲ್ಲ. ಹ್ವಾ ರಾಂಗ್‌ನ 29, ಚೊಯ್ ಅವರ ಕಾಲಾಳು ದಳದ ನಂಬರ್!

ಮನಸ್ಸಿಗೆ ತಟ್ಟುವುದು ಚೂಂಗ್ ಮೂ. ಕೊರಿಯಾದ ನೌಕಾ ಸೇನಾಪತಿ ಯಿ ಸುನ್ ಸಿನ್‌ಗೆ ಸತ್ತ ಮೇಲೆ ಕೊಟ್ಟ ಬಿರುದು ಅದು. 1592ರಲ್ಲಿ ಜಪಾನ್ ದಂಡೆತ್ತಿ ಬಂದಾಗ ಆಮೆ ಚಿಪ್ಪಿನಂತೆ ಮೇಲೆ ಮುಚ್ಚಿದ ‘ಆಮೆ ಹಡಗು’ಗಳನ್ನು ಇಳಿಸಿ ಸಮುದ್ರದಲ್ಲೇ ತಡೆದವನು. ಅಂಥವನನ್ನು ಚಾಡಿ ಮಾತು ಕೇಳಿ ರಾಜನೇ ಸೆರೆಗೆ ಹಾಕಿಸಿದ, ಸಾದಾ ಸಿಪಾಯಿ ಮಾಡಿದ. ನೌಕಾಪಡೆ ಸೋತು ಸುಣ್ಣವಾದಾಗ ಮತ್ತೆ ಕರೆದ. 1598ರ ಕೊನೆಯ ಕಾಳಗದಲ್ಲಿ ಗುಂಡು ತಗುಲಿ ಆತ ಸತ್ತ. ಪ್ಯಾಟರ್ನ್ ಎಡಗೈ ಪಂಚ್‌ನಲ್ಲಿ ಮುಗಿಯುತ್ತದೆ. ರಾಜನಿಷ್ಠೆ ಕೈ ಕಟ್ಟಿಹಾಕಿದ್ದರಿಂದ ಪೂರ್ತಿ ಶಕ್ತಿ ತೋರಿಸಲಾಗದೆ ಹೋದವನ ಸಾವಿಗೆ ಅದು ಗುರುತು ಅನ್ನುತ್ತಾರೆ ಚೊಯ್.

ಒಲಿಂಪಿಕ್ಸ್‌ನಲ್ಲಿರುವ ಇನ್ನೊಂದು ಟೇಕ್ವಾಂಡೋ ಬಣದ ಪ್ಯಾಟರ್ನ್‌ಗಳು, ಅಂದರೆ ತೆಗುಕ್ ಫಾರ್ಮ್‌ಗಳು, ಬೇರೆ. ಆಕಾಶ, ಕೆರೆ, ಬೆಂಕಿ, ಗುಡುಗು ಅಂತ ಎಂಟು. ಚೆಂದವಾಗಿವೆ, ಆದರೆ ಅಲ್ಲಿ ಈ ಸಿಟ್ಟಿಲ್ಲ.

ಸಿಟ್ಟಿದ್ದ ಕಡೆ ರಾಜಕೀಯವೂ ನುಗ್ಗುತ್ತದೆ, ಅಲ್ವಾ? 1980ರ ದಶಕದಲ್ಲಿ ಚೊಯ್ ಕೊ ಡಾಂಗ್ ಪ್ಯಾಟರ್ನ್ ತೆಗೆದು ಜುಚೆ ಸೇರಿಸಿದರು. ಕೊ ಡಾಂಗ್ ಅಂದರೆ ಚೊ ಮಾನ್ ಸಿಕ್ ಎಂಬ ರಾಷ್ಟ್ರೀಯ ನಾಯಕ. ಕೊರಿಯಾದ ಉತ್ತರ ಭಾಗದಲ್ಲಿ ಸೋವಿಯತ್ ಸೇನೆಗೆ ಬಗ್ಗದೆ ಬಂಧನಕ್ಕೊಳಗಾದವರು. ಜುಚೆ ಅಂದರೆ ಉತ್ತರ ಕೊರಿಯಾ ಆಳಿದ ಕಿಮ್ ಇಲ್ ಸುಂಗ್‌ನ ಸಿದ್ಧಾಂತ. ಈಗ ಕೆಲವು ಬಣಗಳು ಒಂದನ್ನು ಕಲಿಸುತ್ತವೆ, ಕೆಲವು ಇನ್ನೊಂದನ್ನು. ಬ್ಲ್ಯಾಕ್ ಬೆಲ್ಟ್ ಕಟ್ಟಿಕೊಂಡವರಿಗಾದರೂ ಇದನ್ನು ಬಿಡಿಸಿ ಹೇಳಿ, ಮಾಸ್ಟರ್‌ಗಳೇ.