ಮೊದಲು ಪಠ್ಯಸೂಚಿ ಓದಿ, ಆಮೇಲೆ ಶುಲ್ಕ ಕಟ್ಟಿ

ಮೊನ್ನೆ ಬೀರುವಿನಲ್ಲಿ ಬೇರೇನೋ ಹುಡುಕುವಾಗ ನನ್ನ ಹಳೆಯ ಸರ್ಟಿಫಿಕೇಟುಗಳ ಕಡತ ಕೈಗೆ ಸಿಕ್ಕಿತು. ತೆರೆದು ನೋಡಿದರೆ ಇನ್ನೂ ಉಸಿರಾಡುತ್ತಿರುವುದು ಒಂದೇ ಒಂದು. ವಿಂಡೋಸ್ ಸರ್ವರ್ 2003ರ ಕಾಲದಲ್ಲಿ ಏಳು ಪರೀಕ್ಷೆ ಬರೆದು ಎಂಸಿಎಸ್‌ಇ ಎನಿಸಿಕೊಂಡಿದ್ದೆ. ಆ ಬಿರುದನ್ನೇ ಮೈಕ್ರೋಸಾಫ್ಟ್ 2021ರ ಜನವರಿಯಲ್ಲಿ ಕೈಬಿಟ್ಟಿತು. ನೆಟ್‌ವರ್ಕ್ ಉಪಕರಣ ಮಾಡುವ ಸಿಸ್ಕೋ ಕಂಪನಿಯ ಆರಂಭದ ಹಂತದ ಸರ್ಟಿಫಿಕೇಟಾದ ಸಿಸಿಎನ್‌ಎ ಮೂರು ವರ್ಷಕ್ಕೆ ಮುಗಿಯುತ್ತದೆ ಎಂಬುದನ್ನು ಮರೆತು ಕುಳಿತಿದ್ದೆ. ಅದನ್ನು ಮತ್ತೆ ಮೊದಲಿನಿಂದ ಬರೆಯಬೇಕಾಯಿತು.

ಇಷ್ಟೆಲ್ಲ ಆದ ಮೇಲೂ "ಸರ್, ನೆಟ್‌ವರ್ಕ್ ಕೆಲಸಕ್ಕೆ ಯಾವ ಸರ್ಟಿಫಿಕೇಷನ್ ಮಾಡಲಿ?" ಎಂದು ಯಾರಾದರೂ ಕೇಳಿದರೆ ಮಾಡಬೇಡಿ ಎನ್ನುವುದಿಲ್ಲ. ಯಾವ ಯಾವುದರ ಪಠ್ಯಸೂಚಿ ಓದಿದ್ದೀರಿ ಎಂದು ತಿರುಗಿ ಕೇಳುತ್ತೇನೆ. ಹೆಚ್ಚಿನವರು ಒಂದನ್ನೂ ಓದಿರುವುದಿಲ್ಲ. ಪರೀಕ್ಷೆಗೆ ಶುಲ್ಕವುಂಟು, ತರಬೇತಿಗೂ ಉಂಟು. ಪಠ್ಯಸೂಚಿ ಮಾತ್ರ ಬಿಟ್ಟಿ ಸಿಗುತ್ತದೆ. ಬಹುಶಃ ಅದಕ್ಕೇ ಅದರ ಮೇಲೆ ಯಾರಿಗೂ ಗೌರವವಿಲ್ಲ.

ಸಿಸಿಎನ್‌ಎಯದ್ದನ್ನೇ ತೆಗೆದುಕೊಳ್ಳಿ. ರೌಟಿಂಗ್ (ಪ್ಯಾಕೆಟ್ಟುಗಳಿಗೆ ದಾರಿ ತೋರಿಸುವುದು) ಸೇರಿದ ಐಪಿ ಸಂಪರ್ಕದ ಭಾಗಕ್ಕೆ ನೂರರಲ್ಲಿ 25ರ ತೂಕ. ಮೂಲಾಂಶಗಳಿಗೆ 20, ಸ್ವಿಚ್, ವಿಲ್ಯಾನ್ (ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್), ವೈಫೈ ಬರುವ ಭಾಗಕ್ಕೆ ಇನ್ನೊಂದು 20. ಭದ್ರತೆಗೆ 15, ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಮತ್ತು ವಿಳಾಸ ಬದಲಿಸಿ ಹೊರಗೆ ಕಳಿಸುವ ನ್ಯಾಟ್‌ನಂಥ ಸೇವೆಗಳಿಗೆ 10, ಆಟೊಮೇಷನ್‌ಗೆ 10. ಒಂದೊಂದು ಸಾಲಿನ ಮುಂದೆ ಪೆನ್ಸಿಲ್ ಇಟ್ಟು ನೋಡಿ: ಇದನ್ನು ಕೈಯಾರೆ ಮಾಡಿದ್ದೇನೆಯೇ, ಬರೀ ಕೇಳಿದ್ದೇನೆಯೇ? ಬಹುಪಾಲು ಸಾಲುಗಳ ಹೆಸರೇ ಹೊಸದಾಗಿದ್ದರೆ ಕಾಂಪ್‌ಟಿಯಾ ಎಂಬ ಸಂಸ್ಥೆಯ ನೆಟ್‌ವರ್ಕ್ ಪ್ಲಸ್‌ನಿಂದ ಶುರುಮಾಡಬಹುದು. ಅದು ಯಾವ ಕಂಪನಿಯ ಉಪಕರಣಕ್ಕೂ ಅಂಟಿಕೊಂಡಿಲ್ಲ. 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಸಬ್‌ನೆಟ್ ಲೆಕ್ಕ (ವಿಳಾಸಗಳನ್ನು ಗುಂಪುಗಳಾಗಿ ಒಡೆಯುವುದು) ಆಗಲೇ ಬರುತ್ತದೆ ಎನ್ನುವವರು ಅದನ್ನು ದಾಟಿ ಸಿಸಿಎನ್‌ಎಗೇ ಹೋಗಬಹುದು. ಎರಡನ್ನೂ ಮಾಡುವುದು ನನ್ನ ದೃಷ್ಟಿಯಲ್ಲಿ ಒಂದೇ ಊಟಕ್ಕೆ ಎರಡು ಸಲ ಹಣ ಕೊಟ್ಟಂತೆ. ಇದಕ್ಕೆ ಒಪ್ಪದ ಗೆಳೆಯರಿದ್ದಾರೆ. ಅವರಲ್ಲಿ ಇಬ್ಬರು ತರಬೇತುದಾರರು ಎಂಬುದನ್ನೂ ಹೇಳಿಬಿಡುತ್ತೇನೆ.

ಇನ್ನೊಂದು ಅವಸರವನ್ನು ಈಚೆಗೆ ಕಾಣುತ್ತಿದ್ದೇನೆ. ಮುಂದಿನ ಹಂತವಾದ ಸಿಸಿಎನ್‌ಪಿ ಬರೆಯಲು ಸಿಸಿಎನ್‌ಎ ಇರಲೇಬೇಕೆಂಬ ನಿಯಮವನ್ನು ಸಿಸ್ಕೋ 2020ರಲ್ಲಿ ತೆಗೆದುಹಾಕಿತು. ಹತ್ತು ವರ್ಷ ಕೆಲಸ ಮಾಡಿದವರಿಗೆ ಇದು ಒಳ್ಳೆಯದೇ. ಆದರೆ ಒಂದು ಸ್ವಿಚ್ಚಿನ ಕನ್ಸೋಲ್‌ಗೂ ಕೇಬಲ್ ಚುಚ್ಚದವರು ನೇರವಾಗಿ ಅಲ್ಲಿಗೆ ಹಾರುತ್ತಿದ್ದಾರೆ. ಹಾರಲು ಏಣಿಯಾಗಿ ಸಿಗುವುದು ಕದ್ದ ಪ್ರಶ್ನೆಪತ್ರಿಕೆಗಳು, ಅಂದರೆ ಡಂಪ್. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ ಎಂಬ ಭಯವನ್ನು ಬದಿಗಿಡಿ. ಸಂದರ್ಶನದ ಮೇಜಿನ ಈಚೆ ಕಡೆ ಕುಳಿತವನಾಗಿ ನಾನು ಕಂಡದ್ದನ್ನು ಹೇಳುತ್ತೇನೆ.

ನಾನು ಕೇಳುವ ಮೊದಲ ಪ್ರಶ್ನೆ ಬಲು ಸಣ್ಣದು: ಒಬ್ಬರ ಕಂಪ್ಯೂಟರಿಗೆ 169.254 ಎಂದು ಶುರುವಾಗುವ ವಿಳಾಸ ಬಂದಿದೆ, ಏನಾಗಿರಬಹುದು? ನಾಲ್ಕು ಸರ್ಟಿಫಿಕೇಟುಗಳನ್ನು ಸಾಲಾಗಿ ಜೋಡಿಸಿಟ್ಟ ಒಬ್ಬರು ಪ್ರಶ್ನೆಗೆ ಸಂಬಂಧವೇ ಇಲ್ಲದ ಬಿಜಿಪಿಯ (ಇಂಟರ್ನೆಟ್‌ನ ದೊಡ್ಡ ನೆಟ್‌ವರ್ಕುಗಳ ನಡುವಿನ ರೌಟಿಂಗ್ ಪದ್ಧತಿ) ಬಗ್ಗೆ ಮಾತು ತೆಗೆದರು. ಸರ್ಟಿಫಿಕೇಷನ್ ಪರೀಕ್ಷೆಯೊಂದರಲ್ಲಿ ಒಮ್ಮೆ ನಪಾಸಾಗಿದ್ದ ಇನ್ನೊಬ್ಬ ಹುಡುಗಿ, "ಡಿಎಚ್‌ಸಿಪಿ ಸರ್ವರಿನಿಂದ ಉತ್ತರ ಬಂದಿಲ್ಲ, ಅದಕ್ಕೆ ಯಂತ್ರ ತಾನೇ ಒಂದು ವಿಳಾಸ ಹಾಕಿಕೊಂಡಿದೆ. ಮೊದಲು ಆ ಪೋರ್ಟ್ ಸರಿಯಾದ ವಿಲ್ಯಾನ್‌ನಲ್ಲಿದೆಯೇ ಎಂದು ನೋಡುತ್ತೇನೆ ಸರ್" ಎಂದಳು. ಮುಂದಿನ ಪ್ರಶ್ನೆಯನ್ನು ಕೇಳುವ ಅಗತ್ಯವೇ ಬೀಳಲಿಲ್ಲ.

ಅವಳಿಗೆ ಅದು ಬಂದದ್ದು ಪ್ಯಾಕೆಟ್ ಟ್ರೇಸರ್‌ನಿಂದ. ಸಿಸ್ಕೋದವರೇ ಕೊಡುವ ತಂತ್ರಾಂಶ, ಉಚಿತ. ಅದರಲ್ಲಿ ನೆಟ್‌ವರ್ಕ್ ಕಟ್ಟುವುದಕ್ಕಿಂತ ಕೆಡಿಸುವುದರಲ್ಲಿ ಹೆಚ್ಚು ಹೊತ್ತು ಕಳೆದಿದ್ದಾಗಿ ಹೇಳಿದಳು. ಕೆಡಿಸಿ ಸರಿಪಡಿಸುವ ಈ ಚಟ ನನಗೆ ಮೊದಲೇ ಇದ್ದಿದ್ದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು. ಎರಡು ರೌಟರುಗಳ ನಡುವೆ ಓಎಸ್‌ಪಿಎಫ್ (ರೌಟರುಗಳು ತಮ್ಮೊಳಗೆ ದಾರಿಗಳ ವಿವರ ಹಂಚಿಕೊಳ್ಳುವ ಪದ್ಧತಿ) ನೆರೆಹೊರೆತನ ಎಕ್ಸ್‌ಸ್ಟಾರ್ಟ್ ಎಂಬ ಅರ್ಧದಾರಿಯ ಸ್ಥಿತಿಯಲ್ಲೇ ನಿಂತುಬಿಟ್ಟಿತ್ತು. ಆ ಕಡೆ ತಲುಪುತ್ತದೆಯೇ ಎಂದು ನೋಡುವ ಪಿಂಗ್ ಹೋಗುತ್ತಿತ್ತು, ಕೇಬಲ್ ಸರಿಯಿತ್ತು, ಏರಿಯಾ ಸಂಖ್ಯೆಯೂ ಸರಿಯಿತ್ತು. ಬೆಳಗಿನ ಜಾವಕ್ಕೆ ಗೊತ್ತಾಯಿತು: ಒಂದು ಕಡೆ ಎಂಟಿಯು (ಒಮ್ಮೆಗೆ ಕಳಿಸಬಹುದಾದ ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1500, ಇನ್ನೊಂದು ಕಡೆ 9000. ಪಿಂಗ್‌ನ ಪುಟ್ಟ ಪ್ಯಾಕೆಟ್ಟುಗಳಿಗೆ ಆ ವ್ಯತ್ಯಾಸ ತಟ್ಟುವುದೇ ಇಲ್ಲ. ಮನೆಗೆ ಬಂದು ಪರೀಕ್ಷೆಗೆ ಓದಿದ್ದ ಪುಸ್ತಕ ತೆರೆದರೆ ಎಂಟಿಯು ಎರಡೂ ಕಡೆ ಒಂದೇ ಇರಬೇಕು ಎಂಬ ವಾಕ್ಯದ ಕೆಳಗೆ ನಾನೇ ಗೆರೆ ಎಳೆದಿದ್ದೆ.

ಮೊದಲನೆಯದಾದ ಮೇಲೆ ಎರಡನೆಯದು ಯಾವುದು? ನಿಮ್ಮ ಕೆಲಸದ ಜಾಗದ ರ‍್ಯಾಕ್‌ನಲ್ಲಿ ಏನಿದೆ ಎಂದು ನೋಡಿ. ಜುನಿಪರ್ ಕಂಪನಿಯ ಉಪಕರಣ ಇದ್ದರೆ ಅವರದ್ದೇ ಜೆಎನ್‌ಸಿಐಎ. ಫೈರ್‌ವಾಲ್ ನಿಮ್ಮ ಪಾಲಿಗೆ ಬಂದಿದ್ದರೆ ಆ ಫೈರ್‌ವಾಲ್ ಮಾಡಿದವರದ್ದೇ ಪರೀಕ್ಷೆ. ಸರ್ವರುಗಳೂ ನಿಮ್ಮ ತಲೆಗೇ ಬಂದಿದ್ದರೆ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ನನಗೆ ತುಂಬ ಇಷ್ಟ, ಏಕೆಂದರೆ ಅಲ್ಲಿ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಆಟವಿಲ್ಲ. ಲಿನಕ್ಸ್ ಯಂತ್ರವೊಂದನ್ನು ಮುಂದಿಟ್ಟು ಕೆಲಸ ಮಾಡಿ ತೋರಿಸಿ ಎನ್ನುತ್ತಾರೆ. ಸಿಸ್ಕೋದ ಮೇಲಿನ ಹಂತವಾದ ಸಿಸಿಐಇಯ ಎಂಟು ಗಂಟೆಯ ಪ್ರಯೋಗ ಪರೀಕ್ಷೆಯೂ ಅದೇ ಜಾತಿಯದ್ದು, ಆದರೆ ಅದು ದೂರದ ಬೆಟ್ಟ, ಸದ್ಯಕ್ಕೆ ಬಿಡಿ. ಕ್ಲೌಡ್‌ನ ಪರೀಕ್ಷೆಗಳನ್ನು ನಾನು ಬರೆದಿಲ್ಲ, ಆದ್ದರಿಂದ ಆ ಬಗ್ಗೆ ಉಪದೇಶ ಮಾಡುವುದಿಲ್ಲ.

ನನ್ನ ಸಿಸಿಎನ್‌ಎ ಅವಧಿ ಮತ್ತೆ ಹತ್ತಿರ ಬರುತ್ತಿದೆ. 30 ಕಲಿಕಾ ಕ್ರೆಡಿಟ್ ಕೂಡಿಸಿದರೆ ಪರೀಕ್ಷೆ ಇಲ್ಲದೆಯೇ ನವೀಕರಿಸಬಹುದು. ಆದರೂ ಪಠ್ಯಸೂಚಿಯನ್ನು ತೆಗೆದು ಪೆನ್ಸಿಲ್ ಹಿಡಿದು ಕುಳಿತೆ. ಆಟೊಮೇಷನ್ ಭಾಗದಲ್ಲಿ ಮೂರು ಸಾಲುಗಳ ಮುಂದೆ ಏನೂ ಬರೆಯಲಾಗಲಿಲ್ಲ. ಈ ವಾರ ಅವನ್ನೇ ಹಿಡಿದುಕೊಂಡಿದ್ದೇನೆ.