ಸೋವಿಯತ್ ಒಕ್ಕೂಟ ಜನರನ್ನೂ ಅಂಚೆಯನ್ನೂ ಅವಸರದಲ್ಲಿ ಆಕಾಶಕ್ಕೇರಿಸಿದ್ದು ಸರಿಯೇ? ಪರ-ವಿರೋಧ

1923ರ ಮಾರ್ಚ್‌ನಲ್ಲಿ ಮಾಸ್ಕೋದಲ್ಲಿ ದೊಬ್ರೊಲ್ಯೋತ್ ಎಂಬ ವಿಮಾನ ಸಂಸ್ಥೆ ಹುಟ್ಟಿತು. ಜುಲೈ 15ರಂದು ಅದರ ವಿಮಾನ ನಿಜ್ನಿ ನೊವ್ಗೊರೊದ್‌ಗೆ ನಿಯತ ಸಂಚಾರ ಆರಂಭಿಸಿತು. ಮುಂದೆ ಏರೋಫ್ಲೋಟ್ ಎಂದು ಹೆಸರಾದದ್ದು ಇದೇ ಬೇರಿನಿಂದ ಬೆಳೆದ ಮರ. ಅಂತರ್ಯುದ್ಧ ಮುಗಿಸಿ, ಬರಗಾಲ ದಾಟಿ ಆಗಷ್ಟೇ ಉಸಿರಾಡುತ್ತಿದ್ದ ದೇಶಕ್ಕೆ ಸ್ವಂತ ಎಂಜಿನ್ ಇರಲಿಲ್ಲ, ಹವಾಮಾನ ಕೇಂದ್ರಗಳ ಜಾಲವೂ ಇರಲಿಲ್ಲ. ಆದರೂ ಹಾರಿತು, ಬಿತ್ತು, ಮತ್ತೆ ಹಾರಿತು. ಆ ಅವಸರವನ್ನು ಒಪ್ಪಬೇಕೇ, ಖಂಡಿಸಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ಇಂದು ತಜಿಕಿಸ್ತಾನದ ರಾಜಧಾನಿಯಾಗಿರುವ ದುಶಾನ್ಬೆಯಿಂದಲೇ ಆರಂಭಿಸಬೇಕು. 1924ರ ಸೆಪ್ಟೆಂಬರ್ 3ರಂದು ಬುಖಾರಾ ಕಡೆಯಿಂದ ಹೊರಟ ಯುಂಕರ್ಸ್ ವಿಮಾನವೊಂದು ಅಲ್ಲಿ ಬಂದಿಳಿಯಿತು. ಆಗ ದುಶಾನ್ಬೆ ಎಂದರೆ ಮಣ್ಣಿನ ಮನೆಗಳ ಒಂದು ಹಳ್ಳಿ. ಅದಕ್ಕೆ ಮೊದಲ ರೈಲು ಬಂದದ್ದು 1929ರಲ್ಲಿ. ನಡುವಿನ ಐದು ವರ್ಷ ಅಲ್ಲಿಗೆ ಪತ್ರ, ಔಷಧ, ವೈದ್ಯ ತಲುಪಬೇಕಾದರೆ ಎರಡೇ ದಾರಿ: ಬೆಟ್ಟ ಸುತ್ತಿ ಬರುವ ಒಂಟೆ-ಕುದುರೆಗಳ ಸಾಲು, ಇಲ್ಲವೇ ಈ ವಿಮಾನ. ಬೆಟ್ಟದ ದಾರಿಯಲ್ಲಿ ಬಸ್ಮಾಚಿ ಬಂಡಾಯಗಾರರ ಗುಂಡಿನ ಭಯವೂ ಇತ್ತು. ವಿಮಾನ ಪೂರ್ತಿ ಸುರಕ್ಷಿತವಾಗುವವರೆಗೆ ಕಾಯಬೇಕಿತ್ತು ಎನ್ನುವವರು ಒಂಟೆಯ ದಾರಿಯಲ್ಲಿ ಸತ್ತವರನ್ನು ಎಣಿಸಿದ್ದಾರೆಯೇ? ಔಷಧ ಬರದೆ ಸತ್ತವನ ಹೆಸರು ಯಾವ ಅಪಘಾತ ಪಟ್ಟಿಯಲ್ಲಿಯೂ ಸೇರುವುದಿಲ್ಲ.

ಹಾರಿಸಿದ ಯಂತ್ರವನ್ನೂ ನೋಡಬೇಕು. ಯುಂಕರ್ಸ್ ಎಫ್-13 ಎಂದರೆ ಸಿಕ್ಕಿದ ಯುದ್ಧವಿಮಾನಕ್ಕೆ ಎರಡು ಕುರ್ಚಿ ಹಾಕಿ ಜನ ಕೂರಿಸಿದ್ದಲ್ಲ. 1919ರ ಈ ಜರ್ಮನ್ ವಿಮಾನ ಪೂರ್ತಿ ಲೋಹದಿಂದ ಮಾಡಿದ ಮೊದಲ ಸಾರಿಗೆ ವಿಮಾನ. ಸುಕ್ಕುಗಟ್ಟಿಸಿದ ಡ್ಯುರಾಲುಮಿನ್ ತಗಡಿನ ಮೈ, ನಾಲ್ಕು ಪ್ರಯಾಣಿಕರಿಗೆ ಮುಚ್ಚಿದ ಕೋಣೆ, ಚಾಲಕರಿಗೆ ಮಾತ್ರ ಗಾಳಿಗೆ ತೆರೆದ ಜಾಗ. ಅನೇಕ ದೇಶಗಳು ಅದನ್ನೇ ಬಳಸುತ್ತಿದ್ದವು. ಅಂದರೆ ಸೋವಿಯತ್ ಸಂಸ್ಥೆಗಳು ಆ ಕಾಲದಲ್ಲಿ ಸಿಗಬಹುದಾದ ಒಳ್ಳೆಯ ವಿಮಾನವನ್ನೇ ಆರಿಸಿಕೊಂಡಿದ್ದವು. 1925ರ ಮಾರ್ಚ್ 22ರಂದು ಟಿಫ್ಲಿಸ್‌ನಲ್ಲಿ (ಇಂದಿನ ಟಿಬಿಲಿಸಿ) ಇಂಥದೇ ಒಂದು ಎಫ್-13 ಮೇಲೇರಿದ ಸ್ವಲ್ಪ ಹೊತ್ತಿಗೆ ಹೊತ್ತಿಕೊಂಡು ಬಿತ್ತು. ಅದರಲ್ಲಿದ್ದವರು ಸಾಮಾನ್ಯರಲ್ಲ: ಅರ್ಮೇನಿಯದ ನಾಯಕ ಅಲೆಕ್ಸಾಂಡರ್ ಮ್ಯಾಸ್ನಿಕ್ಯಾನ್, ಟ್ರಾನ್ಸ್‌ಕಾಕೇಸಿಯದ ಗುಪ್ತ ಪೊಲೀಸ್ ಮುಖ್ಯಸ್ಥ ಸೊಲೊಮನ್ ಮೊಗಿಲೆವ್ಸ್ಕಿ, ಮತ್ತೊಬ್ಬ ಹಿರಿಯ ಅಧಿಕಾರಿ ಗಿಯೋರ್ಗಿ ಅತಾರ್ಬೆಕೋವ್. ಸುಖುಮಿಯ ಸಮ್ಮೇಳನಕ್ಕೆ ಹೊರಟಿದ್ದರು. ತನಿಖೆಗಳು ನಡೆದರೂ ಕಾರಣ ಖಚಿತವಾಗಿ ಹೊರಬರಲಿಲ್ಲ. ಕಾರಣವೇ ಸಿಗದ ಅಪಘಾತವನ್ನು ಅವಸರದ ಲೆಕ್ಕಕ್ಕೆ ಬರೆದುಬಿಡುವುದು ನ್ಯಾಯವಲ್ಲ. ಬಡವರನ್ನು ಬಲಿಕೊಟ್ಟು ದೊಡ್ಡವರು ನೆಲದ ಮೇಲೆ ಉಳಿದರು ಎಂಬ ಮಾತಿಗೂ ಈ ಘಟನೆ ಹೊಂದುವುದಿಲ್ಲ. ಆಳುವವರೇ ಆ ವಿಮಾನ ಹತ್ತಿದ್ದರು.

ಉಳಿದ ದೇಶಗಳು ಜಾಣತನದಿಂದ ಕಾದು ಹಾರಿದವೇ? ಅಮೆರಿಕ 1934ರಲ್ಲಿ ಖಾಸಗಿ ಕಂಪನಿಗಳ ಗುತ್ತಿಗೆ ರದ್ದುಮಾಡಿ ಅಂಚೆ ಹೊರುವ ಕೆಲಸವನ್ನು ಸೈನ್ಯಕ್ಕೆ ಒಪ್ಪಿಸಿತು. ಕೆಲವೇ ತಿಂಗಳಲ್ಲಿ 66 ದೊಡ್ಡ ಅಪಘಾತಗಳಾದವು, ಹತ್ತಕ್ಕೂ ಹೆಚ್ಚು ವಿಮಾನಿಗಳು ಸತ್ತರು. ಹಣ, ಎಂಜಿನ್, ದೀಪಸ್ತಂಭ, ರೇಡಿಯೋ ಎಲ್ಲ ಇದ್ದ ದೇಶದ ಕಥೆ ಇದು. ಚಳಿಗಾಲದ ರಾತ್ರಿಯಲ್ಲಿ ಅಂಚೆ ಹೊತ್ತು ಹಾರುವುದು ಆಗ ಎಲ್ಲಿಯೂ ಸಾವಿನ ಜೊತೆಗಿನ ಕೆಲಸವೇ ಆಗಿತ್ತು.

ಇನ್ನು, ಹಾರದೆ ಕಲಿಯಲಾಗದ ಸಂಗತಿಗಳಿವೆ. ಕಾನ್‌ಸ್ಟಂಟಿನ್ ಕಾಲಿನಿನ್ ರೂಪಿಸಿದ ಕೆ-5 ಎಂಟು ಪ್ರಯಾಣಿಕರ ವಿಮಾನ. ಅದಕ್ಕೆ ಕೂರಿಸಿದ ದೇಶೀಯ ಎಂ-15 ಎಂಜಿನ್ ಬಹಳ ಕಾಟ ಕೊಟ್ಟಿತು. ಎಂ-22 ಹಾಕಿದ ಮೇಲೆ ಅದೇ ಕೆ-5 ದೇಶದ ಮುಖ್ಯ ಪ್ರಯಾಣಿಕ ವಿಮಾನವಾಯಿತು, ಸುಮಾರು 260 ತಯಾರಾದವು. ಚಾಲಕರೂ ಹೀಗೆಯೇ ತಯಾರಾದರು. ಮಿಖಾಯಿಲ್ ವೊದೊಪ್ಯಾನೊವ್ ‘ಪ್ರಾವ್ದಾ’ ಪತ್ರಿಕೆಯ ಪುಟಗಳನ್ನು ಅಚ್ಚುಹಾಕಲು ಬೇಕಾದ ರಟ್ಟಿನ ಪಡಿಯಚ್ಚುಗಳನ್ನು ಮಾಸ್ಕೋದಿಂದ ಲೆನಿನ್‌ಗ್ರಾಡ್‌ಗೆ ಹೊತ್ತವನು. ರೈಲಿಗೆ ಕಾಯದೆ ಅಲ್ಲಿಯೂ ಪತ್ರಿಕೆ ಅಚ್ಚಾಗಬೇಕೆಂದರೆ ಮಂಜೋ ಮಳೆಯೋ ಹಾರಲೇಬೇಕಿತ್ತು. 1933ರಲ್ಲಿ ಕಮ್ಚಾಟ್ಕಾ ಕಡೆಗೆ ದೀರ್ಘ ಹಾರಾಟ ಹೊರಟಾಗ ಬೈಕಲ್ ಸರೋವರದ ಬಳಿ ಅವನ ವಿಮಾನ ಬಿತ್ತು. ಜೊತೆಗಿದ್ದ ಮೆಕ್ಯಾನಿಕ್ ಸತ್ತ, ವೊದೊಪ್ಯಾನೊವ್ ತೀವ್ರವಾಗಿ ಗಾಯಗೊಂಡ. ಮರುವರ್ಷವೇ ಅವನು ಮತ್ತೆ ಉತ್ತರಕ್ಕೆ ಹಾರಿದ್ದ.

ಅವನು ಹೋದದ್ದು ಚೆಲ್ಯೂಸ್ಕಿನ್ ಹಡಗಿನ ಜನರಿಗಾಗಿ. 1934ರ ಫೆಬ್ರವರಿಯಲ್ಲಿ ಹಡಗು ಚುಕ್ಚಿ ಸಮುದ್ರದ ಹಿಮದಲ್ಲಿ ಮುಳುಗಿದಾಗ 104 ಜನ ತೇಲುವ ಹಿಮದ ಹಾಳೆಯ ಮೇಲೆ ಉಳಿದರು, ಇಬ್ಬರು ಪುಟ್ಟ ಮಕ್ಕಳೂ ಇದ್ದರು. ಅನತೋಲಿ ಲ್ಯಾಪಿದೆವ್ಸ್ಕಿ ಸೋತು ಸೋತು, 29ನೆಯ ಯತ್ನದಲ್ಲಿ, ಮಾರ್ಚ್ 5ರಂದು ಅಲ್ಲಿ ಇಳಿದು ಹೆಂಗಸರನ್ನೂ ಮಕ್ಕಳನ್ನೂ ಕರೆತಂದ. ಸೈಬೀರಿಯದ ಮಾರ್ಗಗಳಲ್ಲಿ ಪಳಗಿದ್ದ ವಸಿಲಿ ಮೊಲೊಕೊವ್ ಬಳಿ ಇದ್ದದ್ದು ಆರ್-5 ಎಂಬ ಪುಟ್ಟ ವಿಮಾನ. ಅಂಚೆ ಹೊರುತ್ತಿದ್ದ ಪಿ-5 ಇದರದೇ ನಾಗರಿಕ ರೂಪ. ಕೂರಲು ಜಾಗ ಸಾಲದೆ ಅವನು ರೆಕ್ಕೆಯಡಿ ಕಟ್ಟಿದ್ದ ಸರಕಿನ ಉದ್ದನೆಯ ಪೆಟ್ಟಿಗೆಗಳೊಳಗೆ ಜನರನ್ನು ಮಲಗಿಸಿದ. ಹೊರಗೆ ಮೂಳೆ ಕೊರೆಯುವ ಚಳಿ, ಒಳಗೆ ಮಗ್ಗುಲು ತಿರುಗಲೂ ಆಗದಷ್ಟು ಇಕ್ಕಟ್ಟು. ಹೀಗೆ ಅವನೊಬ್ಬನೇ 39 ಜನರನ್ನು ತಂದ. ಏಪ್ರಿಲ್ 13ರ ಹೊತ್ತಿಗೆ ಹಿಮದ ಮೇಲೆ ಯಾರೂ ಉಳಿದಿರಲಿಲ್ಲ. ಹತ್ತು ವರ್ಷ ಬಿದ್ದು ಎದ್ದ ಸೈಬೀರಿಯದ ಅಂಚೆ ಮಾರ್ಗಗಳಿಲ್ಲದಿದ್ದರೆ ಮೊಲೊಕೊವ್‌ನಂಥವರು ಎಲ್ಲಿಂದ ಬರಬೇಕಿತ್ತು? ಅವಸರಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ನನಗೆ ಬೇಕಿಲ್ಲ.

ವಿರೋಧ

ದುಶಾನ್ಬೆಯ ವಿಮಾನದ ಮೇಲೆ ನನ್ನ ತಕರಾರಿಲ್ಲ, ಮೊಲೊಕೊವ್‌ನ ಧೈರ್ಯಕ್ಕೂ ತಲೆಬಾಗುತ್ತೇನೆ. ಆದರೆ ಧೈರ್ಯವಂತರನ್ನು ಮುಂದಿಟ್ಟುಕೊಂಡು ಅವಸರವನ್ನು ಸಮರ್ಥಿಸುವುದು ತಪ್ಪು. ಪ್ರಾಣ ಪಣಕ್ಕಿಟ್ಟದ್ದು ಯಾರು, ಆ ಪಣವನ್ನು ನಿರ್ಧರಿಸಿದ್ದು ಯಾರು ಎಂದು ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

1935ರ ಮೇ 18. ಮಾಸ್ಕೋದ ಕೇಂದ್ರ ವಿಮಾನ ನಿಲ್ದಾಣದಿಂದ ‘ಮಕ್ಸಿಂ ಗೋರ್ಕಿ’ ಮೇಲೇರಿತು. ವಿಮಾನ ವಿನ್ಯಾಸಕಾರ ತುಪೊಲೆವ್ ಕಚೇರಿಯ ಎಎನ್‌ಟಿ-20 ಅದು. ಎಂಟು ಎಂಜಿನ್, 63 ಮೀಟರ್ ರೆಕ್ಕೆಯಗಲ, ಒಳಗೆ ಮುದ್ರಣಯಂತ್ರ, ಆಕಾಶದಿಂದ ಮಾತಾಡುವ ಧ್ವನಿವರ್ಧಕ. ಹಿಂದಿನ ದಿನವಷ್ಟೇ ಫ್ರೆಂಚ್ ಲೇಖಕ ಸೇಂತ್-ಎಕ್ಸುಪೆರಿ ಅದರಲ್ಲಿ ಹಾರಿದ್ದರು. ಆ ದಿನ ಹತ್ತಿದವರು ವಿಮಾನ ಕಟ್ಟಿದ ಸಂಸ್ಥೆಯ ನೌಕರರು ಮತ್ತು ಅವರ ಮನೆಯವರು. ದುಡಿಮೆಗೆ ಬಹುಮಾನವಾಗಿ ಒಂದು ಸುತ್ತು. ಮಕ್ಕಳೂ ಇದ್ದರು. ದೈತ್ಯ ವಿಮಾನದ ಗಾತ್ರ ಜನರ ಕಣ್ಣಿಗೆ ಕಟ್ಟಲೆಂದು ಪಕ್ಕದಲ್ಲಿ ಪುಟ್ಟ ಐ-5 ಯುದ್ಧವಿಮಾನವನ್ನು ಹಾರಿಸಿದರು, ಚಿತ್ರೀಕರಣಕ್ಕೆ ಮತ್ತೊಂದು ವಿಮಾನ ಜೊತೆಗಿತ್ತು. ಐ-5 ಹಾರಿಸುತ್ತಿದ್ದ ನಿಕೊಲಾಯ್ ಬ್ಲಾಗಿನ್ ದೊಡ್ಡ ವಿಮಾನದ ಸುತ್ತ ಪಲ್ಟಿ ಹೊಡೆಯಹೋಗಿ ಅದರ ರೆಕ್ಕೆಗೆ ಅಪ್ಪಳಿಸಿದ. ಎರಡೂ ಸೊಕೊಲ್ ಬಡಾವಣೆಯ ಮೇಲೆ ಬಿದ್ದವು. ನಲವತ್ತಕ್ಕೂ ಹೆಚ್ಚು ಜನ ಸತ್ತರು.

ಇದರಲ್ಲಿ ಯಾವ ಔಷಧ ಯಾವ ಊರಿಗೆ ತಲುಪಬೇಕಿತ್ತು? ಯಾವ ಅಂಚೆ ತಡವಾಗುತ್ತಿತ್ತು? ಪ್ರದರ್ಶನಕ್ಕಾಗಿ ಮಕ್ಕಳನ್ನು ಹೊತ್ತ ವಿಮಾನದ ಪಕ್ಕ ಕಸರತ್ತಿನ ವಿಮಾನ ಹಾರಿಸಿದ್ದು ತುರ್ತಲ್ಲ. ಮರುದಿನದ ಅಧಿಕೃತ ಹೇಳಿಕೆ ಪೂರ್ತಿ ಹೊಣೆಯನ್ನು ಸತ್ತ ಬ್ಲಾಗಿನ್‌ನ ತಲೆಗೆ ಕಟ್ಟಿತು. ಅನುಮತಿಯಿಲ್ಲದೆ ಕಸರತ್ತು ಮಾಡಿದ ಎಂದರು. ಜೊತೆಗೆ ಹಾರುವ ಏರ್ಪಾಟು ಯಾರದು, ಚಿತ್ರಕ್ಕಾಗಿ ಅವನಿಗೆ ಏನು ಹೇಳಿದ್ದರು ಎಂಬುದನ್ನು ಬಹಿರಂಗವಾಗಿ ಕೇಳುವ ಅವಕಾಶ ಯಾರಿಗೂ ಸಿಗಲಿಲ್ಲ. ಬದಲಿಗೆ ಅಂಥದೇ ದೊಡ್ಡ ವಿಮಾನಗಳನ್ನು ಕಟ್ಟುವ ಘೋಷಣೆ ಬಂತು, ಜನರಿಂದ ಚಂದಾ ಎತ್ತಿದರು.

ಅದಕ್ಕೆ ಹನ್ನೆರಡು ದಿನ ಮೊದಲು, ಮೇ 6ರಂದು, ಅಮೆರಿಕದ ಮಿಸ್ಸೌರಿಯಲ್ಲಿ ಒಂದು ಪ್ರಯಾಣಿಕ ವಿಮಾನ ಬಿದ್ದು ಸೆನೆಟರ್ ಬ್ರಾನ್ಸನ್ ಕಟಿಂಗ್ ಸತ್ತರು. ಸೆನೆಟ್ ಸಮಿತಿ ಸರ್ಕಾರದ ಇಲಾಖೆಯನ್ನೇ ಕಟಕಟೆಗೆ ಎಳೆದು ವಿಚಾರಣೆ ನಡೆಸಿತು. ಆ ಜಗಳದ ಫಲವಾಗಿ 1938ರಲ್ಲಿ ಹೊಸ ನಾಗರಿಕ ವಿಮಾನಯಾನ ಕಾಯ್ದೆ ಬಂತು. ಅಮೆರಿಕದಲ್ಲೂ ವಿಮಾನಗಳು ಬಿದ್ದವು ಎಂದು ನನ್ನ ಎದುರಾಳಿ ಹೇಳಿದ್ದು ನಿಜ. ಬಿದ್ದ ಮೇಲೆ ಏನಾಯಿತು ಎಂಬುದನ್ನು ಅವರು ಬಿಟ್ಟುಬಿಟ್ಟರು. 1934ರ ಅಂಚೆ ದುರಂತದ ಸುದ್ದಿ ಪತ್ರಿಕೆಗಳ ಮುಖಪುಟದಲ್ಲಿ ಬಂದದ್ದರಿಂದಲೇ ಅಲ್ಲಿನ ಸರ್ಕಾರ ಹಿಂದೆ ಸರಿಯಬೇಕಾಯಿತು.

ಈಗ ಪೊದೊಲ್ಸ್ಕ್‌ಗೆ ಬನ್ನಿ. 1933ರ ಸೆಪ್ಟೆಂಬರ್ 5ರಂದು ಮಾಸ್ಕೋ ಬಳಿಯ ಆ ಊರಿನಲ್ಲಿ ಕೆಟ್ಟ ಹವಾಮಾನದಲ್ಲಿ ತೀರ ಕೆಳಗೆ ಹಾರುತ್ತಿದ್ದ ಎಎನ್‌ಟಿ-7 ನೆಲಕ್ಕಪ್ಪಳಿಸಿತು. ಸತ್ತ ಎಂಟು ಜನರಲ್ಲಿ ವಿಮಾನ ಉದ್ಯಮದ ಮುಖ್ಯಸ್ಥ ಪ್ಯೋತರ್ ಬರಾನೊವ್, ಅವರ ಹೆಂಡತಿ, ನಾಗರಿಕ ವಿಮಾನದಳದ ಮುಖ್ಯಸ್ಥ ಅಬ್ರಾಮ್ ಗೋಲ್ಟ್ಸ್‌ಮನ್, ಕಾರ್ಖಾನೆ ನಿರ್ದೇಶಕ ಸೆರ್ಗೆಯ್ ಗೊರ್ಬುನೊವ್ ಇದ್ದರು. ದೇಶದ ವಿಮಾನಯಾನವನ್ನು ನಡೆಸುತ್ತಿದ್ದವರೇ ಒಂದೇ ವಿಮಾನದಲ್ಲಿ ಹೋದರು. ಬರಾನೊವ್ ಮತ್ತು ಗೋಲ್ಟ್ಸ್‌ಮನ್‌ರ ಚಿತಾಭಸ್ಮ ಕ್ರೆಮ್ಲಿನ್ ಗೋಡೆಗೆ ಸೇರಿತು. ಸ್ಟಾಲಿನ್ ಒತ್ತಾಯದ ಮೇಲೆ ಪಕ್ಷದ ಉನ್ನತ ಸಮಿತಿಯಾದ ಪಾಲಿಟ್‌ಬ್ಯೂರೋ ಉನ್ನತ ಹುದ್ದೆಯವರು ವಿಮಾನ ಏರುವುದನ್ನು ನಿರ್ಬಂಧಿಸಿತು. ಆಳುವವರೇ ವಿಮಾನ ಹತ್ತುತ್ತಿದ್ದರು ಎಂಬ ವಾದಕ್ಕೆ 1933ರ ನಂತರ ಬಲವಿಲ್ಲ. ವಿಮಾನ ಎಷ್ಟು ಅಪಾಯಕಾರಿ ಎಂದು ಅವರಿಗೆ ಗೊತ್ತಿತ್ತು, ತಮ್ಮವರನ್ನು ಅದರಿಂದ ದೂರವಿಟ್ಟರು, ಟಿಕೆಟ್ ಮಾರಾಟವನ್ನು ಮಾತ್ರ ಮುಂದುವರಿಸಿದರು. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸುವ ಸಂಗತಿ.

ಬಿದ್ದು ಕಲಿತರು ಎನ್ನುವುದಕ್ಕೂ ಒಂದು ಮಾತು. ಕಲಿಯಬೇಕಾದರೆ ತಪ್ಪನ್ನು ಬರೆದಿಡಬೇಕು, ಬರೆದವನಿಗೆ ಭಯ ಇರಬಾರದು. ವಿನ್ಯಾಸಕಾರ ನಿಕೊಲಾಯ್ ಪೊಲಿಕಾರ್ಪೊವ್ ಬಂಧನವಾದದ್ದು 1929ರಲ್ಲಿ. ಆ ಆರ್-5 ಅವರದೇ ವಿಮಾನ. ತುಪೊಲೆವ್ 1937ರಲ್ಲಿ ಸೆರೆಯಾದರು. ಕೆ-5ರ ಕಾಲಿನಿನ್‌ರನ್ನು 1938ರಲ್ಲಿ ಗುಂಡಿಟ್ಟು ಕೊಂದರು. ಯಂತ್ರದ ದೋಷವನ್ನು ವಿಧ್ವಂಸಕ ಕೃತ್ಯ ಎಂದು ಓದುವ ಕಾಲದಲ್ಲಿ ಎಂಜಿನ್ ಬಿಸಿಯಾಗುತ್ತಿದೆ ಎಂದು ಬರೆಯುವ ಮೆಕ್ಯಾನಿಕ್ ತನ್ನ ಕೊರಳಿಗೋ ಗೆಳೆಯನ ಕೊರಳಿಗೋ ಹಗ್ಗ ಹೊಸೆದಂತೆಯೇ. ನನ್ನ ಎದುರಾಳಿ ಮೆಚ್ಚಿದ ಎಂಜಿನ್ ಬದಲಾವಣೆಯ ಕಥೆ ಕಾಲಿನಿನ್‌ರ ಸಾವಿನ ಮುಂದೆ ಅರ್ಧ ಕಥೆಯಾಗಿ ಉಳಿಯುತ್ತದೆ.

ಅವಸರ ತಗ್ಗಲೂ ಇಲ್ಲ. 1935ರ ಆಗಸ್ಟ್‌ನಲ್ಲಿ ಸಿಗಿಸ್ಮುಂಡ್ ಲೆವನೆವ್ಸ್ಕಿ ಉತ್ತರ ಧ್ರುವದ ಮೇಲಿಂದ ಅಮೆರಿಕಕ್ಕೆ ಹಾರಲು ಹೊರಟಾಗ ಹಾರಾಟ ಮುಗಿಯುವ ಮೊದಲೇ ಅದರ ಹೆಸರಿನಲ್ಲಿ ಅಂಚೆಚೀಟಿಯ ಮೇಲೆ ಹೆಚ್ಚುವರಿ ಮುದ್ರೆ ಒತ್ತಿಸಿದರು. ಎಣ್ಣೆ ಸೋರಿ ವಿಮಾನ ಅರ್ಧದಾರಿಯಿಂದ ಮರಳಿತು. 1937ರ ಆಗಸ್ಟ್‌ನಲ್ಲಿ ಮತ್ತೆ ಹೊರಟರು. ಈ ಬಾರಿ ವಿಮಾನ ಬೊಲ್ಖೊವಿತಿನೊವ್ ರೂಪಿಸಿದ ಬಾಂಬರ್ ಮಾದರಿಯದು. ಧ್ರುವ ದಾಟಿದ ಮೇಲೆ ಒಂದು ಎಂಜಿನ್ ನಿಂತಿತು ಎಂಬ ಸಂದೇಶ ಬಂತು. ಆರು ಜನರೂ ವಿಮಾನವೂ ಇಂದಿಗೂ ಸಿಕ್ಕಿಲ್ಲ.

ಮಕ್ಸಿಂ ಗೋರ್ಕಿಯ ತಮ್ಮನಂತೆ ಆರು ಎಂಜಿನ್‌ಗಳ ಮತ್ತೊಂದು ವಿಮಾನ ಕಟ್ಟಿ ಏರೋಫ್ಲೋಟ್‌ಗೆ ಕೊಟ್ಟರು. 1942ರ ಡಿಸೆಂಬರ್ 14ರಂದು ತಾಷ್ಕೆಂಟ್ ಬಳಿ ಅದೂ ಬಿತ್ತು. ಚಾಲಕ ತನ್ನ ಆಸನ ಬಿಟ್ಟು ಪ್ರಯಾಣಿಕನೊಬ್ಬನನ್ನು ಅಲ್ಲಿ ಕೂರಿಸಿದ್ದ. ಆತ ವಿಮಾನವನ್ನು ತಾನಾಗಿ ಹಾರಿಸುವ ಸ್ವಯಂಚಾಲಕವನ್ನು ಬಿಡಿಸಿಬಿಟ್ಟ. ವಿಮಾನದಲ್ಲಿದ್ದ 36 ಜನರೂ ಸತ್ತರು. ನಿಯತ ಸಂಚಾರ ಆರಂಭವಾಗಿ ಹತ್ತೊಂಬತ್ತು ವರ್ಷ ಕಳೆದ ಮೇಲೂ ಚಾಲಕನ ಕುರ್ಚಿಗೆ ಹೊರಗಿನವನನ್ನು ಕೂರಿಸುವ ಸಲುಗೆ ಉಳಿದಿತ್ತು.

ಹಾಗಾದರೆ ದುಶಾನ್ಬೆಗೆ ಏನು ಮಾಡಬೇಕಿತ್ತು? ಹಾರಬೇಕಿತ್ತು. ಅಂಚೆ, ಲಸಿಕೆ, ಪತ್ರಿಕೆಯ ಪಡಿಯಚ್ಚು, ಹೋಗಲೇಬೇಕಾದ ವೈದ್ಯ, ಇವಿಷ್ಟನ್ನು ಹೊತ್ತು, ಅಪಾಯ ತಿಳಿದು ಒಪ್ಪಿದ ಚಾಲಕರೊಡನೆ ಹಾರಬೇಕಿತ್ತು. ಪ್ರತಿ ಅಪಘಾತದ ವರದಿಯನ್ನು ಎಲ್ಲ ನಿಲ್ದಾಣಗಳಿಗೂ ಕಳುಹಿಸಿ ಪತ್ರಿಕೆಯಲ್ಲಿಯೂ ಅಚ್ಚು ಹಾಕಬೇಕಿತ್ತು. ಟಿಕೆಟ್ ಕೊಳ್ಳಲು ಬಂದ ಗುಮಾಸ್ತನಿಗೆ, ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ, ಕಳೆದ ವರ್ಷ ಈ ಮಾರ್ಗದಲ್ಲಿ ಎಷ್ಟು ವಿಮಾನ ಬಿದ್ದವು ಎಂದು ತಿಳಿಯುವ ಹಕ್ಕಿತ್ತು. ಅದನ್ನು ಹೇಳಿದ ಮೇಲೂ ಅವರು ಹತ್ತಿದ್ದರೆ ನಾನು ಈ ಪ್ರಬಂಧವನ್ನು ಬರೆಯುತ್ತಿರಲಿಲ್ಲ.