ಹದಿನಾಲ್ಕನೇ ಮಹಡಿಯ ನಿಟ್ಟುಪವಾಸ

ಬೆಂಗಳೂರಿನ ಗಣ್ಯ ಗೃಹಸ್ಥರಿಗೆ ನಾಯಿ ಸಾಕುವುದು ಹಳತಾಯಿತು. ಘಾನಾ, ಟೋಗೊ, ಬೆನಿನ್ ದೇಶಗಳ ಹುಲ್ಲುಗಾವಲಿನ ಬಿಲದಲ್ಲಿ ತನ್ನ ಪಾಡಿಗೆ ತಾನಿರಬೇಕಾದ ಬಾಲ್ ಪೈಥಾನ್ ಎಂಬ ಹೆಬ್ಬಾವನ್ನು ಹದಿನಾಲ್ಕನೇ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿ ಪ್ರತಿಷ್ಠಾಪಿಸಿ, ಬಂದ ಅತಿಥಿಗಳ ಕೊರಳಿಗೆ ಹಾರದಂತೆ ಹಾಕಿ ಫೋಟೊ ತೆಗೆಯುವುದು ಈಗಿನ ಪ್ರತಿಷ್ಠೆ. ಹೊಲದ ಬದುವಿನಲ್ಲಿ ಇಲಿ ಹಿಡಿಯುವ ನಮ್ಮ ಕೇರೆ ಹಾವನ್ನು ಮನೆಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಪರದೇಶದ ಹಾವಿಗಾದರೆ ಒಂದು ನೋಂದಣಿ ಪತ್ರ ಸಾಕು. ಆ ಪತ್ರದ ಗೊಡವೆಯೂ ಬೇಡವೆನ್ನುವವರಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ನಮ್ಮ ವಿಮಾನ ನಿಲ್ದಾಣಕ್ಕೆ ಬಂದಿಳಿದ ಲಗೇಜಿನಲ್ಲಿ 55 ಬಾಲ್ ಪೈಥಾನ್‌ಗಳೂ 17 ಕಾಳಿಂಗ ಸರ್ಪಗಳೂ ಕಸ್ಟಮ್ಸ್ ಅಧಿಕಾರಿಗಳ ಕೈಗೆ ಸಿಕ್ಕವು.

ಇಂಥ ಒಂದು ಫ್ಲ್ಯಾಟಿನಲ್ಲಿ ಡಿಸೆಂಬರ್ ಬರುತ್ತಿದ್ದಂತೆ ಹಾವು ಊಟ ಬಿಟ್ಟಿತು. ಏಕಾದಶಿಯಂದೂ ಅವಲಕ್ಕಿ ಬಿಡದ ಯಜಮಾನರಿಗೆ ಇದು ಸಹಿಸಲಾಗದ ಅಶಿಸ್ತಾಗಿ ಕಂಡಿತು. ಫ್ರೀಜರಿನಲ್ಲಿ ಐಸ್‌ಕ್ರೀಮಿನ ಡಬ್ಬಿಯ ಪಕ್ಕದಲ್ಲಿದ್ದ ಇಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಇಕ್ಕಳದಲ್ಲಿ ಹಿಡಿದು, ಅವರು ಹಾವಿನ ಮೂಗಿನ ಮುಂದೆ ಆರತಿಯೆತ್ತಿದರು. ಅದು ತಲೆಯನ್ನು ಮೈಯ ಸುರುಳಿಯೊಳಗೆ ಹುದುಗಿಸಿಕೊಂಡಿತು. ಜೀವಂತ ಇಲಿಯನ್ನು ಪೆಟ್ಟಿಗೆಗೆ ಬಿಟ್ಟು ಎಲ್ಲರೂ ಮಲಗಿದರೆ, ಬೆಳಗಾಗುವಷ್ಟರಲ್ಲಿ ಇಲಿಯೇ ಹಾವಿನ ಬೆನ್ನನ್ನು ಕಚ್ಚಿ ಊಟದ ಶಾಸ್ತ್ರ ಮುಗಿಸಿತ್ತು.

ಆಮೇಲೆ ಸಲಹೆಗಾರರು ಬಂದರು. ಜಿಮ್ ತರಬೇತುದಾರರು ಇದನ್ನು ಮಧ್ಯಂತರ ಉಪವಾಸವೆಂದು ಶ್ಲಾಘಿಸಿದರು. ಜೋಯಿಸರು ಸರ್ಪದೋಷವಿದೆಯೆಂದರು, ದೋಷ ಯಜಮಾನರಿಗೋ ಸರ್ಪಕ್ಕೋ ಎಂಬುದನ್ನು ಸ್ಪಷ್ಟಪಡಿಸಲಿಲ್ಲ. "ಒಂದು ಲೋಟ ಹಾಲಾದರೂ ಇಡೋ, ಪಾಪ" ಎಂದು ಯಜಮಾನರ ತಾಯಿ ಕಣ್ಣೊರೆಸಿಕೊಂಡರು. ಹಾವಿಗೆ ಹಾಲು ಆಹಾರವಲ್ಲವೆಂದೂ, ಪಂಚಮಿಯ ದಿನ ಬುಟ್ಟಿಯ ನಾಗರ ಹಾಲಿಗೆ ಬಾಯಿಡುವುದು ಅದಕ್ಕೆ ಮೊದಲೇ ನೀರು ಕೊಡದೆ ಒಣಗಿಸಿರುವುದರಿಂದಲೆಂದೂ ಈ ನಾಡಿನಲ್ಲಿ ಹೇಳಿದವರೇ ನಾಸ್ತಿಕರಾಗುತ್ತಾರಾದ್ದರಿಂದ ಯಾರೂ ಹೇಳಲಿಲ್ಲ.

ಹಾವಿನ ಕಡೆಯ ವಾದವನ್ನು ಕೇಳುವವರಿರಲಿಲ್ಲ. ಅದರ ಮೈಗೆ ಸ್ವಂತ ಕಾವಿಲ್ಲ. ನುಂಗಿದ್ದು ಅರಗಬೇಕಾದರೆ ಪೆಟ್ಟಿಗೆಯ ಒಂದು ಬದಿಯಾದರೂ 32 ಡಿಗ್ರಿಯ ಆಸುಪಾಸಿನಲ್ಲಿ ಬೆಚ್ಚಗಿರಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿ ಅದರ ಅರ್ಧದಷ್ಟು ಕಾವನ್ನು ಕೊಟ್ಟರೆ ಹೆಚ್ಚು. ಪೊರೆ ಬಿಡುವ ಮುನ್ನ ಕಣ್ಣು ನೀಲಿಗಟ್ಟಿದಾಗಲೂ ಅದು ಉಣ್ಣುವುದಿಲ್ಲ, ಮೈಮುಟ್ಟುವವರು ಹೆಚ್ಚಾದರೂ ಉಣ್ಣುವುದಿಲ್ಲ. ಆರೋಗ್ಯವಾಗಿರುವ, ಬೆಳೆದ ಬಾಲ್ ಪೈಥಾನ್ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸವಿದ್ದು, ತೂಕವನ್ನೂ ಅಷ್ಟಾಗಿ ಕಳೆದುಕೊಳ್ಳದೆ, ಮತ್ತೆ ತಾನಾಗಿಯೇ ಇಲಿ ಹಿಡಿಯುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ ಅದಕ್ಕೆ ಅಡಗಿ ಕೂರಲು ಇಕ್ಕಟ್ಟಾದ ಕತ್ತಲೆಯ ಗೂಡು ಬೇಕು. ಗೂಡು ಮೊದಲು ಇದ್ದದ್ದು ನಿಜ. ಇಷ್ಟು ಖರ್ಚು ಮಾಡಿ ತಂದ ಹಾವು ಅತಿಥಿಗಳಿಗೆ ಕಾಣಿಸದಿದ್ದರೆ ಹೇಗೆಂದು ಯಜಮಾನರೇ ಅದನ್ನು ತೆಗೆಸಿ, ಆ ಜಾಗದಲ್ಲಿ ಬಣ್ಣ ಬದಲಾಯಿಸುವ ಎಲ್‌ಇಡಿ ದೀಪ ಹಾಕಿಸಿದ್ದರು.

ಸರ್ಕಾರವೂ ಸುಮ್ಮನೆ ಕುಳಿತಿಲ್ಲ. 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿಯನ್ನು ಹೊಂದಿದವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು; ಹುಟ್ಟಿದರೆ ತಿಳಿಸಬೇಕು, ಸತ್ತರೆ ತಿಳಿಸಬೇಕು, ಇನ್ನೊಬ್ಬರಿಗೆ ಕೊಟ್ಟರೂ ತಿಳಿಸಬೇಕು. ಹುಟ್ಟಿಗೂ ಸಾವಿಗೂ ನಡುವೆ ಪ್ರಾಣಿ ಉಂಡಿತೇ ಎಂಬ ಕ್ಷುಲ್ಲಕ ವಿಷಯಕ್ಕೆ ಯಜಮಾನರು ಎಷ್ಟು ಹುಡುಕಿದರೂ ಕಾಲಂ ಸಿಗಲಿಲ್ಲ. ಸದ್ಯ ಅವರು ಹಸ್ತಾಂತರದ ನಮೂನೆಯನ್ನು ಅಭ್ಯಾಸ ಮಾಡುತ್ತಿದ್ದಾರೆ. ಹೊಸ ಯಜಮಾನರಿಗಾಗಿ ಸಿದ್ಧಪಡಿಸಿದ ಒಕ್ಕಣೆಯ ಮೊದಲ ಸಾಲು ಹೀಗಿದೆ: "ಬಲು ಸಾಧು, ಹೊಟ್ಟೆ ತುಂಬ ಉಣ್ಣುತ್ತದೆ."